ತಂಗಿ ಬೈಯುತ್ತಿದ್ದ ಕಾರು

ಚಪ್ಪಲಿ ಬಿದ್ದದ್ದು ಸೇತುವೆಯ ಮೇಲೆ. ಕಿಟಕಿಯಿಂದಲ್ಲ, ಬಾಗಿಲಿನಿಂದಲೂ ಅಲ್ಲ, ಕಾರಿನ ತಳದಿಂದ. ತಂಗಿ ಎಂದಿನಂತೆ ಮುಂದಿನ ಸೀಟಿನಲ್ಲಿ ಕೂತು, ಕಾಲಿಗೆ ಬಿಗಿಯಾಗುತ್ತದೆ ಎಂದು ಒಂದು ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿದಳು. ಅಲ್ಲಿ ರಬ್ಬರ್ ಚಾಪೆಯ ಕೆಳಗೆ ತಗಡು ಇರಬೇಕಾಗಿತ್ತು. ತಗಡು ಯಾವ ಕಾಲದಲ್ಲೋ ತುಕ್ಕು ಹಿಡಿದು ಪುಡಿಯಾಗಿತ್ತು, ಚಾಪೆಯೂ ಹರಿದಿತ್ತು. ಚಪ್ಪಲಿ ಸೀದಾ ರಸ್ತೆಗೆ ಇಳಿದು ಹೋಯಿತು. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಬಾರಿಸಿದ.

"ಅಣ್ಣಾ, ನನ್ನ ಚಪ್ಪಲಿ ಇಳಿದು ನಡ್ಕೊಂಡು ಹೋಯ್ತು!" ಎಂದು ತಂಗಿ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದಿದ್ದ, ಬೀಗ ರಿಪೇರಿ ಕಸುಬಿನ ಅಣ್ಣನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬಗ್ಗಿ ನೋಡಿದರೆ, ಅವಳ ಹಿಮ್ಮಡಿಯ ಪಕ್ಕದಲ್ಲೇ ರಸ್ತೆ ಬರಬರನೆ ಓಡುತ್ತಿತ್ತು. ಚಪ್ಪಲಿಯ ಬದಲು ಕಾಲೇ ಹೋಗಿದ್ದರೆ?

ತಂಗಿ ಇದ್ದ ವೃದ್ಧಾಶ್ರಮದ ಮೇಟ್ರನ್ನಿಗೆ ಮಾತ್ರ ನಗು ಬರಲಿಲ್ಲ. ತಂಗಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತಾ ಒಳಗೆ ಬಂದದ್ದನ್ನು ನೋಡಿ ಆಕೆ ಹೊರಗೇ ಬಂದುಬಿಟ್ಟಳು. ಕಾರಿನ ಬಾಗಿಲು ತೆಗೆಯಲು ಹೋಗಿ, ಆಗದೆ, ಬೀಗದವನ ಕೈಯಲ್ಲೇ ತೆಗೆಸಿ, ಒಳಗೆ ಇಣುಕಿದಳು. ಕಾರಿನ ತಳದಲ್ಲಿ ಅಂಗಳದ ಮಣ್ಣು ಕಂಡಿತು. ಮಣ್ಣಿನ ಮೇಲೆ ಒಂದು ಇರುವೆ ಸಾಲೂ ಕಂಡಿತು.

"ಏನ್ರೀ ಇದು? ಕಾರೋ ಜರಡಿಯೋ?"

"ರಿಪೇರಿ ಮಾಡಿಸ್ತೀನಿ ಮೇಡಂ."

"ಮಾಡ್ಸಿ. ತಳ ಗಟ್ಟಿಯಾಗಿದೆ ಅಂತ ನಮ್ಮ ಡ್ರೈವರು ನೋಡಿ ಹೇಳೋವರೆಗೂ ನಾನು ಇವರನ್ನ ಇದರಲ್ಲಿ ಕಳಿಸಲ್ಲ. ನೀವು ಬನ್ನಿ, ಒಳಗೆ ಕೂತು ಮಾತಾಡಿಸಿ, ಯಾರು ಬೇಡ ಅಂತಾರೆ?"

ಒಳಗೆ ಕೂತು ಮಾತಾಡಿಸುವುದಂತೆ! ಹೇಳುವವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಒಳಗೆ ಕೂತರೆ ತಂಗಿಗೆ ಅವನು ಅಣ್ಣನೇ ಅಲ್ಲ.

ವಿಷಯ ಇಷ್ಟೇ. ತಂಗಿಗೆ ಮರೆವಿನ ಕಾಯಿಲೆ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು, ಅವನ ಬೀಗದ ಅಂಗಡಿಯ ಗಲ್ಲಾದಲ್ಲಿ ಕೂತು ಗಿರಾಕಿಗಳನ್ನು ಗದರಿಸಿಕೊಂಡು, ಮದುವೆಯನ್ನೇ ಆಗದ ಅಣ್ಣನನ್ನು ಅದಕ್ಕಿಂತ ಜೋರಾಗಿ ಗದರಿಸಿಕೊಂಡು ಬಹಳ ವರ್ಷ ಇದ್ದಳು. ಮೊದಲು ಒಲೆ ಆರಿಸುವುದು ಮರೆತಳು. ಆಮೇಲೆ ಬಂದ ದಾರಿ ಮರೆತಳು. ಬಾಗಿಲು ತೆಗೆದುಕೊಂಡು ಎಲ್ಲಿಗೋ ಹೊರಟುಬಿಡುತ್ತಿದ್ದಳು. ಊರಿನವರ ಬಾಗಿಲನ್ನೆಲ್ಲ ತೆಗೆದುಕೊಡುವ ಮನುಷ್ಯ ಒಂದು ದಿನ ತನ್ನ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋದ. ಸಂಜೆ ಬಂದು ತೆಗೆದಾಗ, ಒಳಗಿನಿಂದ ಬಡಿದು ಬಡಿದು ಅವಳ ಎರಡೂ ಕೈ ಊದಿಕೊಂಡಿದ್ದವು. ಆ ಕೈಗಳನ್ನು ನೋಡಿ ಅವನು ಮಗುವಿನ ಹಾಗೆ ಅತ್ತ. ಮರುವಾರ ವೃದ್ಧಾಶ್ರಮಕ್ಕೆ ಸೇರಿಸಿದ.

ಸೇರಿದ ಮೇಲೆ ಅವಳಿಗೆ ಅವನು ನಲ್ಲಿ ರಿಪೇರಿಯವನಾದ. ಕೈಯಲ್ಲಿ ಯಾವಾಗಲೂ ಸಾಮಾನಿನ ಚೀಲ ಇರುತ್ತಿತ್ತಲ್ಲ, ಅದಕ್ಕೇ ಇರಬೇಕು. "ಬಂದ್ರಾ? ಬಾತ್‌ರೂಮಿನ ನಲ್ಲಿ ತೊಟ್ಟಿಕ್ತಾನೇ ಇದೆ ನೋಡಿ, ತಲೆ ಚಿಟ್ಟು ಹಿಡಿದುಹೋಯ್ತು" ಎಂದಳು. ಅವನು ಹೋಗಿ ನೋಡಿದ. ನಲ್ಲಿ ನಿಜವಾಗಿಯೂ ತೊಟ್ಟಿಕ್ಕುತ್ತಿತ್ತು. ವಾಷರ್ ಬದಲಾಯಿಸಿ ಬಂದ. "ಪುಣ್ಯಾತ್ಮರು ಕಣ್ರೀ ನೀವು" ಎಂದು ಅವಳು ಕೈ ಮುಗಿದಳು. ತಂಗಿಯ ಕೈಯಿಂದ ನಮಸ್ಕಾರ ಮಾಡಿಸಿಕೊಂಡ ಅಣ್ಣ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ ಮನೆಗೆ ಬಂದ.

ಕಾರಿನ ಕಥೆಯೇ ಬೇರೆ. ಅಂಗಡಿ ತೆರೆದ ಹೊಸದರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು, ಕೊಳ್ಳುವಾಗಲೇ ಮುದಿಯಾಗಿತ್ತು. ಹೆಸರಿಗೆ ನೀಲಿ ಬಣ್ಣ. ಈಗ ನೋಡಿದರೆ ನೀಲಿಗಿಂತ ತುಕ್ಕೇ ಹೆಚ್ಚು. ತಂಗಿಯ ಕಡೆಯ ಬಾಗಿಲನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟರೆ ಮಾತ್ರ ಮುಚ್ಚುತ್ತಿತ್ತು. ಕಿಟಕಿಯ ಗಾಜು ಅರ್ಧಕ್ಕೆ ಇಳಿದು ಹಠ ಹಿಡಿಯುತ್ತಿತ್ತು. ಸೀಟಿನ ಸ್ಪ್ರಿಂಗ್ ಒಂದು ಎದ್ದು ಚುಚ್ಚುತ್ತಿತ್ತು. ಬ್ರೇಕ್ ಹಾಕಿದರೆ ಹಂದಿಮರಿ ಕಿರುಚಿದಂತೆ ಸದ್ದು. ಒಂದು ಭಾನುವಾರ, ಸುಮ್ಮನೆ ಗಾಳಿಗೆ ಒಂದು ಸುತ್ತು ಕರೆದುಕೊಂಡು ಹೋಗೋಣವೆಂದು ಅವಳನ್ನು ಕೂರಿಸಿ, ಬಾಗಿಲು ಎತ್ತಿ ಗುದ್ದಿದ್ದೇ ತಡ, ಒಳಗಿನಿಂದ ಬಂತು:

"ಅಣ್ಣಾ, ನಿನಗೆ ಒಂದಿಷ್ಟಾದ್ರೂ ನಾಚಿಕೆ ಇದೆಯಾ? ಊರವರ ಬಾಗಿಲೆಲ್ಲ ಸರಿ ಮಾಡ್ತೀಯ, ಇದೊಂದು ಬಾಗಿಲು ಸರಿ ಮಾಡೋಕೆ ನಿನ್ನ ಕೈಯಲ್ಲಿ ಆಗಲ್ಲ!"

ಅವನು ಸುತ್ತಿಕೊಂಡು ಬಂದು ಸ್ಟೇರಿಂಗ್ ಮುಂದೆ ಕೂತವನು ಎಷ್ಟೋ ಹೊತ್ತು ಗಾಡಿ ಶುರು ಮಾಡಲಿಲ್ಲ. "ಏನು ಕಲ್ಲು ದೇವರ ಹಾಗೆ ಕೂತಿದ್ದೀಯ, ಹೊರಡು" ಎಂದು ಅವಳೇ ತಿವಿದಳು.

ಅಂದಿನಿಂದ ಪ್ರತಿ ಭಾನುವಾರ ಅದೇ. ಗೇಟಿನಿಂದ ಸೇತುವೆಯವರೆಗೆ, ಸೇತುವೆಯಿಂದ ಕೆರೆಯ ಏರಿಯವರೆಗೆ, ಅಲ್ಲಿಂದ ವಾಪಸ್ಸು. ದಾರಿಯುದ್ದಕ್ಕೂ ತಂಗಿ ಬೈಯುತ್ತಿದ್ದಳು, ಅಣ್ಣ ಬೈಸಿಕೊಳ್ಳುತ್ತಿದ್ದ. "ಈ ಡಕೋಟಾನ ಯಾವಾಗ ಗುಜರಿಗೆ ಹಾಕ್ತೀಯ? ಈ ಗಾಜು ನೋಡು. ಈ ಸೀಟು ನೋಡು, ಕೂತ ಕಡೆ ಚುಚ್ಚುತ್ತೆ. ಬ್ರೇಕ್ ಹಾಕ್ಬೇಡ ಅಣ್ಣಾ, ಜನ ತಿರುಗಿ ನೋಡ್ತಾರೆ!" ಬೈಗುಳದ ನಡುವೆ ಅಮ್ಮನ ಮಾತು ಬರುತ್ತಿತ್ತು, ಅಂಗಡಿಯ ಮಾತು ಬರುತ್ತಿತ್ತು, ತೀರಿಕೊಂಡ ಗಂಡನ ಗೊರಕೆಯ ಮಾತೂ ಬರುತ್ತಿತ್ತು. ಮರಳಿ ಗೇಟಿನ ಹತ್ತಿರ ಇಳಿಸಿದ ಮೇಲೆ ಮತ್ತೆ, "ಬರ್ತೀನ್ರೀ, ತುಂಬಾ ಉಪಕಾರ ಆಯ್ತು."

ಕಾರೇ ಕಾರಣ ಎಂಬುದು ಅವನಿಗೆ ಗೊತ್ತಿತ್ತು. ಒಮ್ಮೆ ಬ್ಯಾಟರಿ ಕೈಕೊಟ್ಟಾಗ ಬಾಡಿಗೆ ಕಾರು ತಂದಿದ್ದ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಗೆ ಹೊರಟವಳ ಹಾಗೆ ಬಾಯಿ ಬಿಗಿದು ಕೂತಿದ್ದಳು. ಅಂಗಡಿಗೆ ಬರುವ ಜನರೂ ಅವನನ್ನು ಅಣ್ಣಾ ಎನ್ನುತ್ತಿದ್ದರು, ಇಲ್ಲವೆಂದಲ್ಲ. "ಬೇಗ ಬನ್ನಿ ಅಣ್ಣಾ, ಕೀ ಒಳಗೇ ಉಳಿದುಬಿಟ್ಟಿದೆ" ಎನ್ನುವುದು ಬೇರೆ. ಅಂಗಡಿ ಮುಚ್ಚಿ ಮನೆಗೆ ಹೋದರೆ ಅವನನ್ನು ಬೈಯುವ ಒಂದು ಪ್ರಾಣಿಯೂ ಇರಲಿಲ್ಲ. ತಟ್ಟೆ ತೊಳೆಯದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಒಲೆಯ ಪಕ್ಕದಲ್ಲಿ ನಿಂತೇ ಉಂಡು, ನಿಂತಲ್ಲೇ ತಟ್ಟೆ ತೊಳೆದು ಮಲಗುತ್ತಿದ್ದ. ಭಾನುವಾರದ ಆ ಒಂದು ಗಂಟೆಗಾಗಿ ಅವನು ವಾರವಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಈಗ ಅದಕ್ಕೂ ಕಲ್ಲು ಬಿತ್ತು.

ಟಿಂಕರ್ ಅವನ ಹಳೆಯ ಗೆಳೆಯ. ಜೀವಮಾನವಿಡೀ ತಗಡು ಬಡಿದು ಬಡಿದು ಕಿವಿ ಅರ್ಧ ಹೋಗಿತ್ತು, ಹಾಗಾಗಿ ಗುಟ್ಟಿನ ಮಾತನ್ನೂ ಬೀದಿಗೆ ಕೇಳುವ ಹಾಗೆ ಆಡುತ್ತಿದ್ದ. ಸುತ್ತಿಗೆಯ ಹಿಡಿಯಿಂದ ಕಾರನ್ನು ತಟ್ಟುತ್ತಾ ಒಂದು ಸುತ್ತು ಬಂದ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ಡಬ್ ಡಬ್ ಎಂದು, ಕೊನೆಗೆ ಒಂದು ಕಡೆ ಸುತ್ತಿಗೆಯ ಹಿಡಿಯೇ ಒಳಗೆ ಹೋಯಿತು.

"ಏನಯ್ಯಾ ಇದು! ಇದರಲ್ಲಿ ಬಣ್ಣ ಬಿಟ್ರೆ ಬೇರೇನೂ ಇಲ್ಲವಲ್ಲೋ!"

"ಅದಕ್ಕೇ ನಿನ್ನ ಹತ್ರ ತಂದದ್ದು."

"ನನ್ನ ಹತ್ರ ಯಾಕೆ ತಂದೆ? ಗುಜರಿಯವನ ಹತ್ರ ತಗೊಂಡು ಹೋಗು. ಒಳ್ಳೇ ಗಾಡಿ ಒಂದು ನಾನೇ ನೋಡಿ ಕೊಡಿಸ್ತೀನಿ."

"ಬೇರೆ ಆಗಲ್ಲ. ಇದೇ ಆಗ್ಬೇಕು."

"ಆಂ?"

"ಇದೇ ಆಗ್ಬೇಕು ಅಂದೆ! ನನ್ನ ತಂಗಿಗೆ ಇದೇ ಗುರುತು!"

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಟಿಂಕರ್ ಸುತ್ತಿಗೆ ಕೆಳಗಿಟ್ಟು, ತಲೆ ಕೆರೆದುಕೊಂಡ. "ಸರಿ ಕಣಯ್ಯಾ. ತಳ ಕತ್ತರಿಸಿ ಹೊಸ ತಗಡು ಹಾಕ್ತೀನಿ. ಕೆಳಗಿನ ಪಟ್ಟಿ ಎರಡೂ ಹೊಸದು. ಅಷ್ಟೇ. ಮೇಲೆ ಏನೂ ಕೆದಕೋಕೆ ಹೋಗ್ಬೇಡ, ಕೆದಕಿದ್ರೆ ಇದು ಮುಗಿಯೋ ಕೆಲಸ ಅಲ್ಲ, ನನ್ನ ಸೊಂಟಕ್ಕೂ ವಯಸ್ಸಾಯ್ತು" ಎಂದ.

ಸಂಜೆ ಅಂಗಡಿ ಮುಚ್ಚಿ ಬೀಗದವನು ಅಲ್ಲಿಗೆ ಹೋಗುತ್ತಿದ್ದ. ಗ್ರೈಂಡರ್ ಕಿಡಿ ಹಾರಿಸುತ್ತಾ ಹಳೆಯ ತಳವನ್ನು ಕೊಯ್ಯಿತು. ತಗಡು ಬಿಸ್ಕತ್ತಿನ ಹಾಗೆ ಮುರಿದು ಬಿತ್ತು. ಕಸದ ಜೊತೆ ತಂಗಿಯ ತಲೆಪಿನ್ನುಗಳು, ಒಂದು ಗುಂಡಿ, ಅವನೇ ಎಂದೋ ಕಳೆದುಕೊಂಡ ಕೀಗಳೂ ಸಿಕ್ಕವು. ಎಲ್ಲವೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಟಿಂಕರ್ ಹೊಸ ತಗಡನ್ನು ಅಳೆದು, ಮಡಿಸಿ, ವೆಲ್ಡಿಂಗ್ ಮಾಡಿ ಕೂರಿಸಿದ. ಎರಡು ಬಾರಿ ಪ್ರೈಮರ್ ಹೊಡೆದ. ಅದರ ಮೇಲೆ ನಿಂತು ಕುಣಿದು ತೋರಿಸಿದ. ಕೆಲಸ ಮುಗಿಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಭಾನುವಾರ ಹಾಯಾಗಿ ಬೈಸಿಕೊಂಡು ಬರುತ್ತಿದ್ದ. ಆದರೆ ಬೀಗದವನ ಕೈ ಸುಮ್ಮನಿರುತ್ತದೆಯೇ? ಯಾರದೋ ಮನೆಗೆ ಕೀ ಮಾಡಿಕೊಡಲು ಹೋದರೂ ಅವರ ಕಪಾಟಿನ ಬಾಗಿಲು ಕಿರ್ ಎಂದರೆ ಎಣ್ಣೆ ಬಿಟ್ಟು ಬರುವ ಚಾಳಿ ಅವನದು. ಬಿಗಿಯಾದದ್ದು ಸಡಿಲವಾಗಬೇಕು, ಸಡಿಲವಾದದ್ದು ಕೂರಬೇಕು, ಕಿರುಗುಟ್ಟುವುದು ಬಾಯಿ ಮುಚ್ಚಬೇಕು. ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮೇಲಾಗಿ ಆ ವಾರ ಬಸ್ಸಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿದ್ದ. ತಂಗಿ ಕಿಟಕಿಯ ಹತ್ತಿರ ಚೀಲ ಹಿಡಿದು ಕೂತಿದ್ದಳು. ಇವನನ್ನು ನೋಡಿ, "ನಲ್ಲಿ ಸರಿಯಾಗಿದೆ, ಇನ್ನೇನೂ ತೊಂದರೆ ಇಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ಭಾನುವಾರ ಅಲ್ವಾ? ನಮ್ಮಣ್ಣ ಬರ್ಬೇಕಿತ್ತು. ಯಾಕೋ ಬರಲೇ ಇಲ್ಲ" ಎಂದಳು. ಅವನು "ಬರ್ತಾರೆ ಬಿಡಿ" ಎಂದ. "ಬರ್ತಾನೆ. ಆ ಕಾರು ಎಲ್ಲೋ ದಾರೀಲಿ ನಿಂತಿರುತ್ತೆ. ಎಷ್ಟು ಬಡ್ಕೊಂಡ್ರೂ ರಿಪೇರಿ ಮಾಡಿಸಲ್ಲ ಕಣ್ರೀ. ನನ್ನ ಮಾತು ಅಂದ್ರೆ ಅವನಿಗೆ ಕಾಲಕಸ" ಎಂದು ಅವಳು ನಿಟ್ಟುಸಿರು ಬಿಟ್ಟಳು.

ಕಾಲಕಸ! ಆ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತು. ನಿಜವೇ ಅಲ್ಲವೇ? ಇಷ್ಟು ವರ್ಷ ಹೇಳಿದಳು, ಒಂದನ್ನಾದರೂ ಮಾಡಿದೆನೇ? ಆ ಸಂಜೆಯೇ ಬಾಗಿಲಿನ ಕೀಲು ಬಿಚ್ಚಿದ. ಒಳಗಿನ ಪಿನ್ನು ಸವೆದು ಬೆರಳಿಗೆ ಅಲ್ಲಾಡುತ್ತಿತ್ತು. ತನ್ನ ಅಂಗಡಿಯ ಸಣ್ಣ ಲೇತಿನಲ್ಲಿ ಹೊಸ ಪಿನ್ನು ಕಡೆದು, ಗ್ರೀಸ್ ಹಚ್ಚಿ ಕೂರಿಸಿದ. ಒಂದು ಬೆರಳಿನಿಂದ ತಳ್ಳಿದರೆ ಬಾಗಿಲು ಹೋಗಿ ಟಕ್ ಎಂದು ಕೂತಿತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟಿಂಕರನನ್ನು ಕರೆದು ತೆಗೆದು ಮುಚ್ಚಿ, ತೆಗೆದು ಮುಚ್ಚಿ ತೋರಿಸಿದ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ತಂಗಿ ಬೈದದ್ದನ್ನೆಲ್ಲ ನೆನಪು ಮಾಡಿಕೊಂಡು, ಅವಳ ದನಿಯಲ್ಲೇ ತನ್ನೊಳಗೆ ಹೇಳಿಕೊಂಡು, ಒಂದೊಂದಾಗಿ ಕೈಗೆತ್ತಿಕೊಂಡ. ಈ ಗಾಜು ನೋಡು ಅಣ್ಣಾ. ಗಾಜಿನ ಹಲ್ಲುಚಕ್ರ ಬದಲಾಯಿಸಿದ, ಗಾಜು ಕೊನೆಯವರೆಗೂ ಇಳಿಯಿತು. ಈ ಸೀಟು ನೋಡು. ಸ್ಪ್ರಿಂಗ್ ಕಿತ್ತು ಹೊಸ ಸ್ಪಂಜು ತುಂಬಿಸಿ, ಹೊಸ ಬಟ್ಟೆ ಹೊಲಿಸಿದ. ಜನ ತಿರುಗಿ ನೋಡ್ತಾರೆ. ಬ್ರೇಕ್ ಬಿಚ್ಚಿ, ಉಪ್ಪುಕಾಗದ ಹಾಕಿ ತಿಕ್ಕಿ, ಹೊಸ ಪ್ಯಾಡ್ ಕೂರಿಸಿದ. ತುಕ್ಕಿನ ಕಲೆಯನ್ನೆಲ್ಲ ತಿಕ್ಕಿ ತೆಗೆದ ಮೇಲೆ ಕಾರು ಚರ್ಮರೋಗ ಬಂದವರ ಹಾಗೆ ಕಂಡಿತು. ಅದಕ್ಕೆ ಪುಟ್ಟಿ ಬಳಿದು, ಪೂರ್ತಿ ಬಣ್ಣ ಹೊಡೆಸಿದ. ಅದೇ ನೀಲಿ ಎಂದು ಪೇಂಟರ್ ಆಣೆ ಮಾಡಿದ. ಅದೇ ನೀಲಿಯೇ ಇರಬಹುದು, ಆ ನೀಲಿಯನ್ನು ನೋಡಿದವರು ಯಾರೂ ಈಗ ನೆನಪಿಟ್ಟುಕೊಂಡಿರಲಿಲ್ಲ.

"ಮದುವೆ ಗಂಡಿನ ಹಾಗೆ ಕಾಣ್ತಾ ಇದೆಯಲ್ಲೋ! ತಳ ಸಾಕು ಅಂದ್ರೆ ಕೇಳಿದ್ಯಾ ನೀನು?" ಎಂದು ಟಿಂಕರ್ ಕೂಗಿದ.

"ಇನ್ನು ಬೈಯೋಕೆ ಏನು ಸಿಗುತ್ತೆ, ನೋಡ್ತೀನಿ" ಎಂದು ಬೀಗದವನು ಕಾರಿನ ಮೂತಿ ಒರೆಸುತ್ತಾ ನಕ್ಕ. ಅವಳು ಬಾಯಿ ಬಿಟ್ಟುಕೊಂಡು ನೋಡುವುದನ್ನೂ, ಅಂತೂ ಬುದ್ಧಿ ಬಂತಲ್ಲ ನಿನಗೆ ಎನ್ನುವುದನ್ನೂ ಅವನು ಎಷ್ಟೋ ಸಲ ಮನಸ್ಸಿನಲ್ಲೇ ಕಂಡು, ಕೇಳಿಸಿಕೊಂಡಾಗಿತ್ತು.

ಭಾನುವಾರ ಬಂತು. ಗೇಟಿನ ಪಕ್ಕದ ಮರದ ಕೆಳಗೆ, ಎಂದಿನ ಜಾಗದಲ್ಲಿ, ಕಾರು ನಿಲ್ಲಿಸಿದ. ವೃದ್ಧಾಶ್ರಮದ ಡ್ರೈವರ್ ಬಂದು ತಳವನ್ನು ಬೂಟುಗಾಲಿನಿಂದ ತುಳಿದು ನೋಡಿ, "ಭರ್ಜರಿಯಾಗಿದೆ" ಎಂದ. ಮೇಟ್ರನ್ ಕೂಡ ಸುತ್ತ ಒಂದು ಸಲ ನೋಡಿ, "ಇದು ಅದೇ ಕಾರೇನ್ರೀ?" ಎಂದಳು. ಬೀಗದವನ ಎದೆ ಉಬ್ಬಿತು.

ತಂಗಿ ಹೊಸ ಚಪ್ಪಲಿ ಹಾಕಿಕೊಂಡು ಬಂದಳು. ಅವನು ಒಂದು ಬೆರಳಿನಿಂದ ಬಾಗಿಲು ತೆಗೆದ. ಕೂತಳು. ಒಂದು ಬೆರಳಿನಿಂದ ಮುಚ್ಚಿದ. ಟಕ್ ಎಂದಿತು. ಓಡಿ ಬಂದು ಸ್ಟೇರಿಂಗ್ ಮುಂದೆ ಕೂತು, ಅವಳ ಕಡೆ ತಿರುಗಿ ಕಾದ.

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಕಾರು ತುಂಬಾ ಚೆನ್ನಾಗಿದೆ ರೀ. ಹೊಸದಾ?"

"ಹೊಸದೆಲ್ಲಿ ಬಂತೇ, ನಮ್ಮದೇ ಕಾರು ಕಣೇ. ನೋಡು, ಬಾಗಿಲು ಸರಿ ಮಾಡಿದೆ. ನೀನೇ ಹೇಳ್ತಿದ್ದೆಯಲ್ಲ."

ಅಪರಿಚಿತನೊಬ್ಬ ಸಲಿಗೆ ತೆಗೆದುಕೊಂಡಾಗ ನಗುವ ಹಾಗೆ ಅವಳು ತೆಳ್ಳಗೆ ನಕ್ಕು ಕಿಟಕಿಯ ಕಡೆ ತಿರುಗಿದಳು.

ಗಾಡಿ ಹೊರಟಿತು. ಅವನು ಬೇಕೆಂದೇ ಜೋರಾಗಿ ಬ್ರೇಕ್ ಹಾಕಿದ. ಸದ್ದಿಲ್ಲ. ಇಳಿದು ಹೋಗಿ ಬಾಗಿಲನ್ನು ಮೇಲಕ್ಕೆತ್ತಿ ಗುದ್ದಲು ನೋಡಿದ. ಗಟ್ಟಿ ಪಿನ್ನು, ಬಾಗಿಲು ಎತ್ತಿದರೆ ಏಳಲಿಲ್ಲ. ಅವಳ ಕಡೆಯ ಗಾಜನ್ನು ಅರ್ಧಕ್ಕೆ ಇಳಿಸಿ, "ನಿಂತುಬಿಡ್ತು ನೋಡೇ" ಎಂದು ಸುಳ್ಳು ಹೇಳಿದ. ಅವಳು ತಾನೇ ಹಿಡಿ ತಿರುಗಿಸಿ ಸಲೀಸಾಗಿ ಇಳಿಸಿ, "ಇಲ್ಲವಲ್ಲ, ಸರಿಯಾಗಿದೆಯಲ್ಲ" ಎಂದಳು. ಅವನು ಮತ್ತೆ ಬಂದು ಕೂತು ರೇಡಿಯೋ ಹಾಕಿದ, ಆರಿಸಿದ. ಅಮ್ಮನ ಹೆಸರು ಹೇಳಿದ. ಅವಳ ಗಂಡನ ಗೊರಕೆಯ ವಿಷಯ ತೆಗೆದ. ಅವಳು ಚೀಲದ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಇವನಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಹೆದರಿಕೆ ಅವಳ ಕಣ್ಣಲ್ಲಿ ಕಂಡಿತು.

ಸೇತುವೆ ದಾಟಿ ಕಾರು ನಿಲ್ಲಿಸಿದ.

"ಬೈಯೇ. ಒಂದ್ಸಲ ಬೈಯೇ ನನ್ನ. ನಿನ್ನ ದಮ್ಮಯ್ಯ."

"ಅಯ್ಯೋ, ನಾನ್ಯಾಕ್ರೀ ನಿಮ್ಮನ್ನ ಬೈಲಿ?" ಎಂದು ಅವಳು ಬಾಗಿಲಿನ ಕಡೆ ಸರಿದಳು. "ಎಷ್ಟು ಚೆನ್ನಾಗಿ ಓಡಿಸ್ತೀರಿ. ಅಳಬೇಡಿ. ನಿಮ್ಮ ಮನೇಲಿ ಏನಾದ್ರೂ ತೊಂದರೇನಾ?"

ಅವನು ತೋಳಿನಿಂದ ಮುಖ ಒರೆಸಿಕೊಂಡ. ಕೆರೆಯ ಏರಿಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಅವಳಿಗೆ ಪಾಪ ಎನಿಸಿತೋ ಏನೋ, ಅವನನ್ನು ಸಮಾಧಾನ ಮಾಡುವ ಹಾಗೆ ತಾನಾಗಿಯೇ ಮಾತು ತೆಗೆದಳು.

"ನಮ್ಮಣ್ಣನ ಹತ್ರಾನೂ ಒಂದು ಕಾರಿದೆ. ಏನು ಹೇಳಲಿ, ಮೈಯೆಲ್ಲ ತುಕ್ಕು. ಬಾಗಿಲು ಮುಚ್ಚಬೇಕಾದ್ರೆ ಕುಸ್ತಿ ಆಡ್ತಾನೆ. ಒಂದು ದಿನ ನನ್ನ ಚಪ್ಪಲೀನೇ ಕೆಳಗೆ ಬಿದ್ದುಹೋಯ್ತು, ಗೊತ್ತಾ?" ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನಿಗೆ ಬೇಕಾಗಿದ್ದ ನಗುವೇ ಅದು. ಅವಳು ಅದನ್ನು ಬೇರೊಬ್ಬನಿಗೆ ಹೇಳಿಕೊಂಡು ನಗುತ್ತಿದ್ದಳು. "ಬೈತೀನಿ ಅವನನ್ನ, ತುಂಬಾ ಬೈತೀನಿ. ಆದ್ರೂ ಭಾನುವಾರ ಬಂದೇ ಬರ್ತಾನೆ ಪಾಪ. ನನ್ನ ಬಿಟ್ರೆ ಅವನಿಗೆ ಯಾರೂ ಇಲ್ಲ."

ಅವನು ತಲೆಯಾಡಿಸಿದ.

ಅಷ್ಟರಲ್ಲಿ ಅವಳು ಧಡಕ್ಕನೆ ನೆಟ್ಟಗೆ ಕೂತಳು. "ಇವತ್ತು ಭಾನುವಾರ ಅಲ್ವಾ? ಅಯ್ಯೋ, ವಾಪಸ್ ಕರ್ಕೊಂಡು ಹೋಗಿ. ಅವನು ಬಂದು ನನ್ನ ಕಾಣದೆ ಗಾಬರಿ ಬೀಳ್ತಾನೆ. ಬೇಗ, ಬೇಗ!"

ಅವನು ಕಾರು ತಿರುಗಿಸಿದ. ದಾರಿಯುದ್ದಕ್ಕೂ ಅವಳು ಎದುರು ಬರುವ ಒಂದೊಂದು ಗಾಡಿಯನ್ನೂ ಕತ್ತು ಚಾಚಿ ನೋಡಿದಳು. ಮರದ ಕೆಳಗೆ ನಿಲ್ಲಿಸಿ ಅವನು ಬಾಗಿಲು ತೆಗೆಯುವ ಮೊದಲೇ ಅವಳು ತಾನೇ ತೆಗೆದುಕೊಂಡು ಇಳಿದಳು. ಗೇಟಿನವರೆಗೆ ಹೋದವಳು ಏನೋ ನೆನಪಾಗಿ ಮರಳಿ ಬಂದು ಕಿಟಕಿಯಲ್ಲಿ ಬಗ್ಗಿದಳು. ಬೈಯುತ್ತಾಳೇನೋ ಎಂದು ಅವನು ಅವಳ ಕಡೆ ವಾಲಿದ.

"ತಪ್ಪು ತಿಳ್ಕೋಬೇಡಿ. ಇದು ನಮ್ಮಣ್ಣ ಕಾರು ನಿಲ್ಲಿಸೋ ಜಾಗ. ಅವನದು ಮೊದಲೇ ಡಕೋಟ, ಹಿಂದೆ ಮುಂದೆ ಮಾಡೋಕೆ ತುಂಬಾ ಒದ್ದಾಡ್ತಾನೆ. ನೀವು ಸ್ವಲ್ಪ ಮುಂದೆ ತಗೊಳ್ತೀರಾ?"

"ಆಯ್ತಮ್ಮ" ಎಂದ.

ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಶುರುವಾಯಿತು. ಮರದ ಕೆಳಗಿನ ಜಾಗ ಖಾಲಿ ಮಾಡಿ, ಸ್ವಲ್ಪ ಮುಂದೆ ಹೋಗಿ, ಬಿಸಿಲಿನಲ್ಲಿ ನಿಲ್ಲಿಸಿದ. ತಂಗಿ ಚೀಲ ಹಿಡಿದುಕೊಂಡು ಗೇಟಿನ ಹತ್ತಿರ ನಿಂತು, ಅಣ್ಣ ಬರುವ ದಾರಿಯ ಕಡೆಗೇ ನೋಡುತ್ತಿದ್ದಳು.